ಬಾರ್ಲಿ ಮೊಳಕೆಯಿಂದ ಆಲೆಮನೆಯವರೆಗೆ

ಬಸುರಿಯ ಹೊಟ್ಟೆ ಮುಂದಕ್ಕೆ ಚೂಪಾಗಿ ಬಂದರೆ ಗಂಡು, ಅಗಲವಾಗಿ ಹರಡಿದರೆ ಹೆಣ್ಣು. ಇಂಥ ಮಾತು ಕೇಳಿಬರದ ಮನೆ ನಮ್ಮಲ್ಲಿ ಇರಲಾರದು. ಈ ಭವಿಷ್ಯಕ್ಕೆ ಒಂದು ಅನುಕೂಲವಿದೆ: ಕಣ್ಣು ಮುಚ್ಚಿ ಹೇಳಿದರೂ ಹೆಚ್ಚುಕಡಿಮೆ ಅರ್ಧದಷ್ಟು ಸಲ ಅದು ನಿಜವಾಗಲೇಬೇಕು. ನಿಜವಾದದ್ದನ್ನು ಊರೆಲ್ಲ ನೆನೆಯುತ್ತದೆ, ತಪ್ಪಿದ್ದನ್ನು ಹೇಳಿದವರೂ ಮರೆಯುತ್ತಾರೆ. ಹೀಗಾಗಿಯೇ ಇರಬೇಕು, ಇಂಥ ಊಹೆಗಳಿಗೆ ಸಾವಿರಾರು ವರ್ಷಗಳ ಆಯುಸ್ಸು ದೊರೆತಿದೆ.

ದಾಖಲೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ವಿಧಾನಗಳಲ್ಲೊಂದು ಈಜಿಪ್ಟಿನದು. ಬರ್ಲಿನ್ನಿನ ಸಂಗ್ರಹಾಲಯದಲ್ಲಿರುವ, ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಪಪೈರಸ್ ಹಸ್ತಪ್ರತಿಯೊಂದು ಈ ಪರೀಕ್ಷೆಯನ್ನು ವಿವರಿಸುತ್ತದೆ. ಹೆಂಗಸು ದಿನವೂ ತನ್ನ ಮೂತ್ರವನ್ನು ಗೋಧಿ ಹಾಗೂ ಬಾರ್ಲಿ ಕಾಳಿನ ಮೇಲೆ ಹೊಯ್ಯಬೇಕು. ಬಾರ್ಲಿ ಮೊಳೆತರೆ ಗಂಡು, ಗೋಧಿ ಮೊಳೆತರೆ ಹೆಣ್ಣು, ಎರಡೂ ಮೊಳೆಯದಿದ್ದರೆ ಆಕೆ ಬಸುರಿಯೇ ಅಲ್ಲ. 1963ರಲ್ಲಿ ಈಜಿಪ್ಟಿನ ಸಂಶೋಧಕರು ಇದನ್ನು ಮತ್ತೆ ಮಾಡಿ ನೋಡಿದರು. ಗರ್ಭಿಣಿಯರ ಮೂತ್ರ ಬಿದ್ದ ಕಾಳು ನೂರಕ್ಕೆ ಎಪ್ಪತ್ತರಷ್ಟು ಸಲ ಮೊಳೆಯಿತು. ಬಸಿರನ್ನು ಪತ್ತೆ ಮಾಡುವ ಮಟ್ಟಿಗೆ ಹಳಬರು ತೀರ ತಪ್ಪಿರಲಿಲ್ಲ. ಗಂಡು ಹೆಣ್ಣಿನ ವಿಚಾರದಲ್ಲಿ ಮಾತ್ರ ಕಾಳುಗಳು ಏನನ್ನೂ ಹೇಳಲಿಲ್ಲ.

ಗ್ರೀಸಿನ ಹಿಪೊಕ್ರೆಟಿಸನ ಪರಂಪರೆಯವರು ಗರ್ಭದ ಬಲಭಾಗದಲ್ಲಿ ಗಂಡು, ಎಡಭಾಗದಲ್ಲಿ ಹೆಣ್ಣು ಬೆಳೆಯುತ್ತದೆಂದು ನಂಬಿದ್ದರು. ನಮ್ಮ ಆಯುರ್ವೇದ ಸಂಹಿತೆಗಳಲ್ಲಿಯೂ ಗಂಡಿನ ಲಕ್ಷಣಗಳೆಲ್ಲ ಬಲಕ್ಕೇ ಸೇರಿವೆ. ಆದರೆ ನಮ್ಮವರು ಮಗು ಯಾವುದೆಂದು ತಿಳಿಯುವುದಕ್ಕಿಂತ ಅದನ್ನು ಗಂಡಾಗಿಸುವ ಬಗೆಗೆ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುತ್ತದೆ. ಹದಿನಾರು ಸಂಸ್ಕಾರಗಳಲ್ಲೊಂದಾದ ಪುಂಸವನದ ಉದ್ದೇಶವೇ ಅದು. ಆಲದ ಕುಡಿ ಮುಂತಾದವನ್ನು ಹಾಲಿನಲ್ಲಿ ಅರೆದು ಬಲ ಮೂಗಿನ ಹೊಳ್ಳೆಗೆ ಬಿಡುವ ವಿಧಿಯನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಗಂಡು ಬೇಕೆಂಬ ಆಸೆ ಯಂತ್ರದ ಜೊತೆಗೆ ಬಂದದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಊಹೆಯ ಕಾಲ ಮುಗಿಯಲು 1905 ಬರಬೇಕಾಯಿತು. ಅಮೆರಿಕದ ನೆಟಿ ಸ್ಟೀವನ್ಸ್ ಎಂಬಾಕೆ ಹಿಟ್ಟಿನಲ್ಲಿ ಬೆಳೆಯುವ ಒಂದು ಬಗೆಯ ಹುಳುವಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಗಂಡಿನ ವೀರ್ಯಾಣುವಿನಲ್ಲಿರುವ ಒಂದು ಪುಟ್ಟ ವರ್ಣತಂತುವೇ ಸಂತಾನದ ಲಿಂಗವನ್ನು ನಿರ್ಧರಿಸುತ್ತದೆಂದು ತೋರಿಸಿದರು. ಅದೇ ವರ್ಷ ಎಡ್ಮಂಡ್ ವಿಲ್ಸನ್ ಕೂಡ ಸ್ವತಂತ್ರವಾಗಿ ಇಂಥದೇ ತೀರ್ಮಾನಕ್ಕೆ ಬಂದಿದ್ದರು. ಮನುಷ್ಯರಲ್ಲಿಯೂ ವೈ ವರ್ಣತಂತು ಬರುವುದು ತಂದೆಯಿಂದಲೇ. ಇಷ್ಟಾದರೂ ಹೆಣ್ಣು ಹೆತ್ತದ್ದಕ್ಕೆ ಸೊಸೆಯನ್ನು ದೂರುವ ಅತ್ತೆಯರ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ಗರ್ಭದೊಳಗಿನ ಭ್ರೂಣದ ಲಿಂಗವನ್ನು ತಿಳಿಯುವ ದಾರಿ ತೆರೆದದ್ದು ಬೆಕ್ಕುಗಳಿಂದ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಬರ್ಟ್ರಂ ಬೆಕ್ಕಿನ ನರಕೋಶಗಳನ್ನು ಅಭ್ಯಸಿಸುತ್ತಿದ್ದಾಗ, ಹೆಣ್ಣು ಬೆಕ್ಕಿನ ಕೋಶಕೇಂದ್ರದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ ಇರುವುದನ್ನು ಗಮನಿಸಿದರು. ಭ್ರೂಣವನ್ನು ಸುತ್ತುವರಿದ ದ್ರವದಲ್ಲಿ ಭ್ರೂಣದ್ದೇ ಜೀವಕೋಶಗಳು ತೇಲುತ್ತಿರುತ್ತವೆ. ಸೂಜಿಯಿಂದ ಆ ದ್ರವವನ್ನು ಸ್ವಲ್ಪ ಹೊರತೆಗೆದು ಚುಕ್ಕೆ ಹುಡುಕಿದರಾಯಿತು. 1955-56ರಲ್ಲಿ ಜೆರುಸಲೇಮ್, ಕೋಪನ್‌ಹೇಗನ್ ಮುಂತಾದೆಡೆಯ ವೈದ್ಯರು ಇದನ್ನು ಸಾಧಿಸಿದರು.

ಕೋಪನ್‌ಹೇಗನ್ನಿನ ಫುಕ್ಸ್ ಮತ್ತು ರೀಸ್ ಇದನ್ನು ಬಳಸಿದ್ದು ಕುಸುಮ ರೋಗ ವಂಶದಲ್ಲಿ ಹರಿದುಬಂದ ತಾಯಂದಿರಿಗಾಗಿ. ಗಾಯವಾದರೆ ರಕ್ತ ಹೆಪ್ಪುಗಟ್ಟದ ಈ ರೋಗವನ್ನು ತಾಯಿ ದಾಟಿಸಿದರೂ ಅದು ಸಾಮಾನ್ಯವಾಗಿ ಕಾಡುವುದು ಗಂಡುಮಕ್ಕಳನ್ನು. ಯಾವ ಗಂಡು ಭ್ರೂಣಕ್ಕೆ ರೋಗವಿದೆ, ಯಾವುದಕ್ಕಿಲ್ಲ ಎಂದು ಹೇಳುವ ಪರೀಕ್ಷೆ ಆಗ ಇರಲಿಲ್ಲ. ಹೀಗಾಗಿ ಗಂಡೆಂದು ತಿಳಿದರೆ ಗರ್ಭಪಾತ, ಹೆಣ್ಣಾದರೆ ನಿಶ್ಚಿಂತೆ. ಈ ಪರೀಕ್ಷೆ ಮೊದಲು ಕುತ್ತಾದದ್ದು ಗಂಡು ಭ್ರೂಣಕ್ಕೆ!

ಭಾರತಕ್ಕೆ ಬಂದಾಗ ಲೆಕ್ಕ ತಲೆಕೆಳಗಾಯಿತು. 1971ರಲ್ಲಿ ಗರ್ಭಪಾತ ಕಾಯ್ದೆ ಅಂಗೀಕಾರವಾಗಿತ್ತು. 1970ರ ದಶಕದ ಮಧ್ಯಭಾಗದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಗರ್ಭದ್ರವ ಪರೀಕ್ಷೆ ಆರಂಭವಾಯಿತು. ಆನುವಂಶಿಕ ದೋಷಗಳ ಪತ್ತೆಗೆಂದು ತೆರೆದ ಬಾಗಿಲಿಗೆ ಬಂದ ಅನೇಕರಿಗೆ ಬೇಕಾಗಿದ್ದದ್ದು ಒಂದೇ ಮಾಹಿತಿ. ಹೆಣ್ಣೆಂದು ತಿಳಿದವರಲ್ಲಿ ಹೆಚ್ಚಿನವರು ಗರ್ಭಪಾತ ಕೇಳಿದರು. ಗಂಡಿಗಾಗಿ ಕಾಯುತ್ತ ಹೆತ್ತುಕೊಂಡೇ ಹೋಗುವುದು ಇದರಿಂದ ತಪ್ಪೀತೆಂದು ವೈದ್ಯರೇ 1975ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜನಸಂಖ್ಯೆಯ ಭಯ ಎಲ್ಲರ ತಲೆ ಹೊಕ್ಕಿದ್ದ ಕಾಲವದು. ಹಾಗೆಂದು ಆ ವಾದವನ್ನು ಒಪ್ಪಲಾಗದು.

ಲಿಂಗಪತ್ತೆಗಾಗಿ ಈ ಪರೀಕ್ಷೆ ನಡೆಸುವುದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ನಿಷೇಧಿಸಲಾಯಿತು. ಖಾಸಗಿಯವರನ್ನು ಯಾರೂ ಕೇಳಲಿಲ್ಲ. 1980ರ ದಶಕದಲ್ಲಿ ಪಂಜಾಬ್, ಮುಂಬಯಿಗಳಲ್ಲಿ ಕ್ಲಿನಿಕ್ಕುಗಳು ತಲೆಯೆತ್ತಿದವು. ಈಗ ಐನೂರು ಖರ್ಚು ಮಾಡಿದರೆ ಮುಂದೆ ವರದಕ್ಷಿಣೆಯ ಸಾವಿರಗಳು ಉಳಿಯುತ್ತವೆಂಬ ಧಾಟಿಯಲ್ಲಿ ಬಹಿರಂಗ ಜಾಹೀರಾತುಗಳಿದ್ದವು. ಅಷ್ಟರಲ್ಲಿ ಸೂಜಿಯ ಅಗತ್ಯವೇ ಇಲ್ಲದ ಅಲ್ಟ್ರಾಸೌಂಡ್ ಬಂದಿತು. ಗ್ಲಾಸ್ಗೋದ ಡಾ. ಇಯಾನ್ ಡೊನಾಲ್ಡ್ 1958ರಲ್ಲಿ ಲೋಕಕ್ಕೆ ತೋರಿಸಿದ ಈ ತಂತ್ರದ ಮೂಲ, ಕಾರ್ಖಾನೆಗಳಲ್ಲಿ ಲೋಹದ ಬಿರುಕು ಹುಡುಕುವ ಉಪಕರಣ. ಅದು ಎಷ್ಟೋ ತಾಯಂದಿರ ಜೀವ ಉಳಿಸಿದೆ ಎಂಬುದನ್ನೂ ಮರೆಯಬಾರದು.

ಮಹಿಳಾ ಸಂಘಟನೆಗಳ ಹೋರಾಟದ ಫಲವಾಗಿ 1988ರಲ್ಲಿ ಮಹಾರಾಷ್ಟ್ರ ಮೊದಲ ಕಾನೂನು ತಂದಿತು. 1994ರಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯ್ದೆ 1996ರ ಜನವರಿ 1ರಂದು ಜಾರಿಗೆ ಬಂದಿತು. ಆದರೂ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೆ ಇಳಿಯಿತು. ಪಂಜಾಬಿನಲ್ಲಿ ಅದು 798. ಕರ್ನಾಟಕವೂ 960ರಿಂದ 946ಕ್ಕೆ ಬಂದಿತು. ಸುಪ್ರೀಂ ಕೋರ್ಟು ಚಾಟಿ ಬೀಸಿದ ಮೇಲೆ 2003ರಲ್ಲಿ ಕಾಯ್ದೆ ಬಿಗಿಯಾಯಿತು. ತಪ್ಪಿತಸ್ಥ ವೈದ್ಯರಿಗೆ ಮೊದಲ ಸಲ ಮೂರು ವರ್ಷದವರೆಗೆ ಸೆರೆವಾಸ. ಬಸುರಿಯನ್ನು ಮನೆಯವರೇ ಬಲವಂತ ಮಾಡಿದ್ದಾರೆಂದು ಕಾನೂನು ಮೊದಲಿಗೇ ಭಾವಿಸುತ್ತದೆ. ಹಾಗಲ್ಲವೆಂದು ಬೇರೆಯವರು ಸಾಬೀತುಪಡಿಸಬೇಕು. ಕಾಯ್ದೆ ಬರೆದವರಿಗೆ ನಮ್ಮ ಮನೆಗಳ ಪರಿಚಯ ಚೆನ್ನಾಗಿಯೇ ಇತ್ತು. 2011ರಲ್ಲಿ ಕರ್ನಾಟಕದ ಸಂಖ್ಯೆ 948.

ಈ ನಡುವೆ ವಿಜ್ಞಾನ ಇನ್ನೊಂದು ಹೆಜ್ಜೆ ಇಟ್ಟಿದೆ. ತಾಯಿಯ ರಕ್ತದಲ್ಲಿಯೇ ಭ್ರೂಣದ ಡಿಎನ್‌ಎ ಸಿಗುತ್ತದೆಂದು 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ಹಲವು ದೇಶಗಳಲ್ಲಿ ಈಗ ತಾಯಿಯ ರಕ್ತಪರೀಕ್ಷೆಯಿಂದಲೇ ಮಗು ಯಾವುದೆಂದು ತಿಳಿದು ಹಬ್ಬ ಮಾಡುತ್ತಾರೆ. ನಮ್ಮಲ್ಲಿ ಆ ವಿವರವನ್ನು ವರದಿಯಲ್ಲಿ ಕೊಡುವಂತಿಲ್ಲ.

ಆದರೆ ಕಾನೂನು ತಪ್ಪಿಸುವವರಿಗೆ ಹೊಸ ವಿಜ್ಞಾನವೇನೂ ಬೇಕಾಗಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲ ಸ್ಕ್ಯಾನಿಂಗ್ ನಡೆಸುತ್ತಿತ್ತೆಂದು ಹೇಳಲಾದ ಜಾಗ ಆಸ್ಪತ್ರೆಯಲ್ಲ, ಮಂಡ್ಯ ಬಳಿಯ ಒಂದು ಆಲೆಮನೆ. ಕಬ್ಬಿನ ಗದ್ದೆಗಳ ನಡುವಿನ ಬೆಲ್ಲದ ಶೆಡ್ಡಿಗೆ ಬಸುರಿಯರು ಬಂದು ಹೋದರೆ ಯಾರಿಗೆ ತಾನೆ ಅನುಮಾನ? ಗರ್ಭಪಾತಗಳ ಸಂಖ್ಯೆ ನೂರಾರು ಎಂದು ಪೊಲೀಸರು ಹೇಳಿದರು. ಬಂಧಿತರಲ್ಲಿ ವೈದ್ಯರೂ ಇದ್ದರು. ಮುಂದೆ ರಾಜ್ಯ ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು.