ಪೊಲೀಸ್ ಗೌಡ್ರಿಂದ ಬೀಟ್ ಪೊಲೀಸ್‌ವರೆಗೆ: ಊರನ್ನ ಬಲ್ಲವರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇವತ್ತು ಮೊದಲೇ ಒಂದು ಪ್ರಶ್ನೆ. ನಿಮ್ಮ ಊರಿನ ಬೀಟ್ ಪೊಲೀಸ್ ಹೆಸರೇನು? ಗೊತ್ತಿಲ್ಲ ಅಲ್ವಾ? ನಿಮ್ಮ ಮುತ್ತಜ್ಜನಿಗೆ ಕೇಳಿದ್ರೆ ಥಟ್ ಅಂತ ಹೇಳ್ತಿದ್ರು. ಆಗ ಊರಿಗೊಬ್ಬ ಪೊಲೀಸ್ ಪಾಟೀಲ ಇರ್ತಿದ್ದ. ಜನರ ಬಾಯಲ್ಲಿ ‘ಪೊಲೀಸ್ ಗೌಡ್ರು’.

ನಮ್ಮ ಜಿಲ್ಲೆ 1956ರ ತನಕ ಮುಂಬೈ ಆಡಳಿತದಲ್ಲಿತ್ತು. 1867ರಲ್ಲಿ ಅಲ್ಲಿ ಗ್ರಾಮ ಪೊಲೀಸ್ ಕಾಯ್ದೆ ಬಂತು. ಕಂದಾಯಕ್ಕೆ ಮುಲ್ಕಿ ಪಾಟೀಲ, ಶಾಂತಿ ಕಾಯೋದಕ್ಕೆ ಪೊಲೀಸ್ ಪಾಟೀಲ. ಊರಾಗ ಅಪರಾಧ ನಡೆದ್ರೆ ಮೇಲಿನವರಿಗೆ ಸುದ್ದಿ ಮುಟ್ಟಿಸಬೇಕು. ಅಸಹಜ ಸಾವಾದ್ರೆ ಪಂಚರನ್ನ ಕೂಡಿಸಿ ಪಂಚನಾಮೆ ಮಾಡಬೇಕು. ಕೈಕೆಳಗೆ ತಳವಾರರು, ವಾಲೀಕಾರರು.

ಯಾರ ಹೊಲದ ಬದು ಯಾರು ಒತ್ತಿದ್ದಾರೆ, ಯಾವ ಎರಡು ಮನೆಗಳ ನಡುವೆ ಮಾತಿಲ್ಲ ಅನ್ನೋದೆಲ್ಲ ಅವನಿಗೆ ಬಾಯಿಪಾಠ. ಆದ್ರೆ ಆ ಹುದ್ದೆ ವಂಶಪಾರಂಪರ್ಯ, ವತನದ್ದು. ಜಗಳ ಗೌಡ್ರ ಮನೆಯವರ ಜೊತೆನೇ ಆದ್ರೆ ಬಡವ ಯಾರ ಹತ್ರ ದೂರು ಕೊಡಬೇಕು? ಊರನ್ನ ಬಲ್ಲವನೇ ಊರಿಗೆ ಒಡೆಯನೂ ಆಗಿದ್ದ.

ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದು ಕಾಯ್ದೆ ಮಾಡ್ತು. 1963ರಲ್ಲಿ ಅದು ಜಾರಿಗೆ ಬಂದು ವಂಶದ ಗೌಡಿಕೆ ಮುಗೀತು. ಭೀಮಾ ನದಿ ದಾಟಿ ಸೊಲ್ಲಾಪುರ ಜಿಲ್ಲೆಗೆ ಹೋದ್ರೆ ಪೊಲೀಸ್ ಪಾಟೀಲ ಇವತ್ತಿಗೂ ಇದ್ದಾನೆ. ಮಹಾರಾಷ್ಟ್ರ 1967ರಲ್ಲಿ ಹೊಸ ಕಾಯ್ದೆ ತಂದು, ಸರ್ಕಾರವೇ ನೇಮಿಸೋ ಹುದ್ದೆಯಾಗಿ ಅದನ್ನ ಉಳಿಸಿಕೊಳ್ತು.

ನಮ್ಮ ಕಡೆ ಆ ಒಡೆತನ ಹೋಗಿದ್ದು ಒಳ್ಳೇದೇ. ಆದ್ರೆ ಅದರ ಜೊತೆಗೆ ಊರಿನ ತಿಳಿವಳಿಕೆಯೂ ಹೋಯ್ತು. ಒಂದು ಠಾಣೆಗೆ ಹತ್ತಾರು ಹಳ್ಳಿ. ಕಾನ್‌ಸ್ಟೇಬಲ್ ಬರ್ತಾರೆ, ಊರು ಪರಿಚಯ ಆಗೋದ್ರೊಳಗೆ ವರ್ಗ ಆಗಿ ಹೋಗ್ತಾರೆ. ಬೀಟ್ ಅಂದ್ರೆ ರಾತ್ರಿ ಗಸ್ತು ತಿರುಗಿ ಪುಸ್ತಕಕ್ಕೆ ಸಹಿ ಹಾಕೋದು ಅಂತಾಯ್ತು.

ಅಮೆರಿಕದಲ್ಲೂ ಇಂಥದ್ದೇ ಚಿಂತೆ ಇತ್ತು. 1979ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹರ್ಮನ್ ಗೋಲ್ಡ್‌ಸ್ಟೀನ್ ಒಂದು ಲೇಖನ ಬರೆದ್ರು. ಪೊಲೀಸರು ಒಂದೊಂದು ದೂರಿನ ಹಿಂದೆ ಓಡೋದು ಬಿಟ್ಟು, ದೂರುಗಳ ಹಿಂದಿರೋ ಸಮಸ್ಯೆ ಹಿಡೀಬೇಕು ಅನ್ನೋದು ಅದರ ತಿರುಳು. ಮುಂದೆ ಅದಕ್ಕೆ ನಾಲ್ಕು ಹೆಜ್ಜೆ ಬಂದವು: ಗುರುತಿಸು, ಕಾರಣ ಹುಡುಕು, ಕ್ರಮ ತಗೋ, ಫಲ ಸಿಕ್ತಾ ನೋಡು.

ನಮ್ಮ ಕಡೆ ಇದು ಹೇಗಿರಬಹುದು? ಭೀಮಾ ತೀರ ಅಂದ್ರೆ ಹೊರಗಿನವರಿಗೆ ನಾಡ ಪಿಸ್ತೂಲು, ಸೇಡಿನ ಕೊಲೆ ನೆನಪಾಗತ್ತೆ. ಅದರ ಮೇಲೆ ಸಿನಿಮಾನೂ ಬಂತು. ಆದ್ರೆ ಎಷ್ಟೋ ಜಗಳ ಶುರುವಾಗೋದು ಬದುವಿನಿಂದ, ಹೊಲದ ಹಾದಿಯಿಂದ. ಹಿಂಗಾರಿ ಬಿತ್ತನೆ ಬಂದಾಗೆಲ್ಲ ಒಂದೇ ಹಾದಿ ಬಗ್ಗೆ ಠಾಣೆಗೆ ದೂರು ಬರ್ತಿದೆ ಅಂದ್ಕೊಳ್ಳಿ. ಪ್ರತಿ ಸಲ ಎರಡೂ ಕಡೆಯವರಿಂದ ಮುಚ್ಚಳಿಕೆ ಬರೆಸಿ ಕಳಿಸಬಹುದು. ಇಲ್ಲಾ, ಬೀಟ್ ಪೊಲೀಸ್ ಹಳೇ ದೂರುಗಳನ್ನ ಒಟ್ಟಿಗೆ ಇಟ್ಟು ನೋಡಿ, ಬಿತ್ತನೆಗೆ ಮುಂಚೆನೇ ಠಾಣೆಯಿಂದ ತಹಶೀಲ್ದಾರರಿಗೆ ಪತ್ರ ಹೋಗೋ ಹಾಗೆ ಮಾಡಿ, ಸರ್ವೆ ಮಾಡಿಸಬಹುದು. ಮುಂದಿನ ವರ್ಷ ಹೋಗಿ ಜಗಳ ನಿಂತಿದೆಯಾ ಅಂತ ನೋಡಬಹುದು. ಇದರಿಂದ ಒಂದು ಜೀವ ಉಳಿದ್ರೂ ಅದು ಯಾವ ಕೇಸ್ ಡೈರಿಯಲ್ಲೂ ಬರಲ್ಲ.

2017ರಲ್ಲಿ ಆರ್.ಕೆ. ದತ್ತಾ ಡಿಜಿಪಿ ಆಗಿದ್ದಾಗ ರಾಜ್ಯದಲ್ಲಿ ಹೊಸ ಬೀಟ್ ಪದ್ಧತಿ ಬಂತು. ಒಂದೊಂದು ಬೀಟ್‌ಗೆ ಒಬ್ಬ ಸಿಬ್ಬಂದಿ ಹೊಣೆ, ಜೊತೆಗೆ ಊರಿನ ನಾಗರಿಕ ಸದಸ್ಯರು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯ್ತು.

ಇಲ್ಲಿ ಹಳೇ ಇತಿಹಾಸ ಕೆಲಸಕ್ಕೆ ಬರತ್ತೆ. ಬೀಟ್ ಸಭೆಯಲ್ಲಿ ಕಟ್ಟೆ ಮೇಲೆ ಕೂರೋರು ಅದೇ ದೊಡ್ಡ ಮನೆಯವರಾದ್ರೆ, ನಾವು ಹಿಂಬಾಗಿಲಿಂದ ಗೌಡಿಕೆಯನ್ನೇ ಮತ್ತೆ ಕರೆದ ಹಾಗೆ. ಖಾನಾಪುರದಲ್ಲೋ ಕಲಬುರಗಿಯ ನಾಗನಹಳ್ಳಿಯಲ್ಲೋ ತರಬೇತಿ ಪಡೆಯೋ ಹುಡುಗ ಹುಡುಗಿಯರಿಗೆ ಪರೇಡು, ಕಾನೂನಿನಷ್ಟೇ ಮುಖ್ಯವಾದ ಪಾಠ ಇದು: ಸಭೆಗೆ ಬಾರದವರ ಓಣಿಗೂ ಹೋಗಬೇಕು, ಹೆಣ್ಮಕ್ಕಳ ಮಾತೂ ಕೇಳಬೇಕು, ಅದೇ ದೂರು ಮತ್ತೆ ಯಾಕೆ ಬಂತು ಅಂತ ತಮ್ಮನ್ನೇ ಕೇಳಿಕೊಳ್ಳಬೇಕು. ಗೌಡ್ರಷ್ಟು ಊರು ಗೊತ್ತಿರಬೇಕು, ಗೌಡ್ರ ಹಾಗೆ ಊರಿನ ಒಂದೇ ಕಡೆಯವರಾಗಬಾರದು.

ನೀವೂ ಒಂದು ಕೆಲಸ ಮಾಡ್ರಿ. ನಿಮ್ಮ ಠಾಣೆಗೆ ಹೋಗಿ ಬೀಟ್ ಪೊಲೀಸ್ ಯಾರು ಅಂತ ಕೇಳಿ. ನಿಮ್ಮ ಹೆಸರೂ ಅವರಿಗೆ ಹೇಳಿ ಬನ್ನಿ. ಮತ್ತೆ ಸಿಗೋಣ.