ಕೊನೇ ಬೆಂಚಿನವರೆಗೆ ನೀರು ಬಂತಾ? ಮಂಡ್ಯಕ್ಕೆ ಕಾಲೇಜು ಬಂದ ಕಥೆ

ಇಯರ್‌ಫೋನ್ ಹಾಕ್ಕೊಂಡು ಕಿಟಕಿ ಸೀಟಲ್ಲಿ ಕೂತಿರೋರಿಗೂ, ಸೀಟು ಸಿಗದೆ ಕಂಬಿ ಹಿಡ್ಕೊಂಡು ನಿಂತಿರೋರಿಗೂ ಸ್ವಾಗತ. ಇವತ್ತಿನ ಎಪಿಸೋಡನ್ನ ಮದ್ದೂರು ವಡೆಯಿಂದ ಶುರು ಮಾಡೋಣ.

ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಈ ವಡೆ ಶುರುವಾಗಿದ್ದು 1917ರಲ್ಲಿ ಅಂತಾರೆ. ಅದಕ್ಕೆ ಒಂದು ವರ್ಷ ಮುಂಚೆ, 1916ರ ಜುಲೈ 27ರಂದು, ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತು. ಅಲ್ಲೀತನಕ ನಮ್ಮ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ರೈಲಿನ ಒಂದು ತುದೀಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇನ್ನೊಂದು ತುದೀಲಿ ಮೈಸೂರಿನ ಮಹಾರಾಜ ಕಾಲೇಜು. ಮಧ್ಯದಲ್ಲಿ ನಾವು. ರೈಲು ಮದ್ದೂರು, ಮಂಡ್ಯದಲ್ಲಿ ನಿಲ್ತಿತ್ತು. ಆದರೆ ಡಿಗ್ರಿ ಓದೋಕೆ ಅಂತ ಅದನ್ನ ಹತ್ತೋ ತಾಕತ್ತು ಯಾರ ಮನೆ ಮಕ್ಕಳಿಗಿತ್ತು? ಮಳವಳ್ಳಿಗಂತೂ ಇವತ್ತಿಗೂ ರೈಲಿಲ್ಲ.

ಈ ಪ್ರಶ್ನೆ ಆ ಕಾಲದಲ್ಲೇ ಎದ್ದಿತ್ತು. ಸರ್ಕಾರಿ ಕೆಲಸಕ್ಕೆ ಓದು ಬೇಕು, ಓದು ಕೆಲವೇ ಮನೆಗಳಲ್ಲಿ ಇದೆ, ಹಾಗಾಗಿ ಕೆಲಸವೂ ಅದೇ ಮನೆಗಳಿಗೆ ಹೋಗ್ತಿದೆ ಅಂತ ಬ್ರಾಹ್ಮಣೇತರ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದರು. 1918ರಲ್ಲಿ ಮಹಾರಾಜರಿಗೆ ಮನವಿ ಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು.

ಇಲ್ಲಿ ನಮ್ಮ ಮಂಡ್ಯದವರಿಗೆ ಸ್ವಲ್ಪ ಇಕ್ಕಟ್ಟು. ನಮ್ಮ ಕಡೆ ನಾಲ್ವಡಿಯವರ ಫೋಟೋನೂ ಇರುತ್ತೆ, ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋನೂ ಇರುತ್ತೆ. ಈ ವಿಷಯದಲ್ಲಿ ಮಾತ್ರ ಅವರಿಬ್ಬರೂ ಒಂದೇ ಕಡೆ ಇರಲಿಲ್ಲ. ವಿಶ್ವವಿದ್ಯಾನಿಲಯ ಕಟ್ಟೋಕೆ ದುಡಿದ ದಿವಾನರೇ, ಜಾತಿ ನೋಡಿ ಹುದ್ದೆ ಮೀಸಲಿಡೋದನ್ನ ಒಪ್ಪಲಿಲ್ಲ. ಮೊದಲು ಎಲ್ಲರಿಗೂ ಶಿಕ್ಷಣ ಕೊಡೋಣ, ಅರ್ಹತೆ ತಾನಾಗೇ ಬರುತ್ತೆ ಅನ್ನೋದು ಅವರ ನಿಲುವು. 1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. 1919ರಲ್ಲಿ ಮಿಲ್ಲರ್ ವರದಿ ಬಂತು, 1921ರಲ್ಲಿ ಸರ್ಕಾರ ಆದೇಶ ಮಾಡಿತು. ಹುದ್ದೆಗಳ ವಿಷಯ ಎಲ್ಲರಿಗೂ ನೆನಪಿದೆ. ಆದರೆ ಸಮಿತಿ ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲಿನ ಮಾತನ್ನೂ ಆಡಿತ್ತು. ಬಾಗಿಲು ತೆಗೆದ್ರೆ ಸಾಲದು, ಒಳಗೆ ಬಂದ ಹುಡುಗ ರಾತ್ರಿ ಎಲ್ಲಿ ಮಲಗ್ತಾನೆ, ಏನು ಉಣ್ತಾನೆ ಅನ್ನೋದೂ ಶಿಕ್ಷಣದ ಲೆಕ್ಕಕ್ಕೇ ಸೇರುತ್ತೆ ಅಂತ ಅವರಿಗೆ ಗೊತ್ತಿತ್ತು.

ಆ ಊಟ, ಆ ಚಾಪೆಗೂ ಜಗಳ ಇತ್ತು. ದಲಿತ ಮಕ್ಕಳನ್ನ ಬೇರೆಯವರ ಜತೆ ಕೂರಿಸೋಕೇ ಊರು ತಯಾರಿರಲಿಲ್ಲ. ಮಳವಳ್ಳಿ ಕಡೆಯಿಂದ ಹೋದ್ರೆ ತಲಕಾಡು ಸಿಗುತ್ತಲ್ಲ, ಆ ಊರಿನ ಹೆಸರು ಹೊತ್ತ ತಲಕಾಡು ರಂಗೇಗೌಡರು ಮೈಸೂರಿನಲ್ಲಿ ಆಗ 'ಪಂಚಮರು' ಅಂತ ಕರೀತಿದ್ದ ಮಕ್ಕಳಿಗೆ ಪಾಠ ಹೇಳೋ ಕೆಲಸಕ್ಕೆ ನಿಂತರು. ಅದಕ್ಕಾಗಿ ತಮ್ಮವರಿಂದಲೇ ಮಾತು ಕೇಳಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಇದೇ ಕೆಲಸ ಮಾಡಿದರು. ಆಮೇಲೆ ಎಷ್ಟೋ ವರ್ಷಕ್ಕೆ ಕವಿ ಸಿದ್ಧಲಿಂಗಯ್ಯ ಓದಿ ಬೆಳೆದಿದ್ದು ಅವರ ಹೆಸರಿನ ಹಾಸ್ಟೆಲ್ಲಿನಲ್ಲಿ.

ಇನ್ನು ನಮ್ಮ ಜಿಲ್ಲೆ. ಇಲ್ಲಿ ಕಾಲೇಜಿಗಿಂತ ಮೊದಲು ಬಂದಿದ್ದು ನೀರು. ಕೆಆರ್‌ಎಸ್ ಆಯ್ತು, ಈಗ ವಿಶ್ವೇಶ್ವರಯ್ಯ ನಾಲೆ ಅನ್ನೋ ಇರ್ವಿನ್ ನಾಲೆ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯ್ತು. 1948ರಲ್ಲಿ ಸರ್ಕಾರಿ ಕಾಲೇಜು. ನಾನು ಕಾಮರ್ಸ್ ಓದಿದವರ ಪೈಕಿ, ಹಾಗಾಗಿ ಈ ಸಾಲನ್ನ ನೋಡಿದಾಗ ಮೊದಲು ಕಾಣೋದು ದುಡ್ಡು. ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ರೈತರ ಮನೆಯವರು ಮಗನನ್ನ ಕಾಲೇಜಿಗೆ ಕಳಿಸೋ ಧೈರ್ಯ ಮಾಡಿದರು. ಮಗಳ ಸರದಿ ಬರೋಕೆ ಇನ್ನೂ ಎಷ್ಟೋ ವರ್ಷ ಹಿಡೀತು.

ಆಮೇಲೆ ಕೆ.ವಿ. ಶಂಕರಗೌಡರು. ಮಂಡ್ಯದವರು ಅವರನ್ನ ಇವತ್ತಿಗೂ 'ನಿತ್ಯ ಸಚಿವ' ಅಂತಲೇ ಕರೀತಾರೆ. ಅವರು ಬೆಳೆಸಿದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1962ರಲ್ಲಿ. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಲ್ಲಿ ಜಿ. ಮಾದೇಗೌಡರು ಭಾರತೀ ವಿದ್ಯಾಸಂಸ್ಥೆಗಳನ್ನ ಕಟ್ಟಿದರು. ರೈಲು ಹತ್ತಿ ಮೈಸೂರಿಗೆ ಹೋಗಬೇಕಿದ್ದ ಕಾಲೇಜು ಬಸ್ಸಿನ ದೂರಕ್ಕೆ ಬಂತು. ಕಾಲೇಜು ಹತ್ತಿರ ಬಂದಾಗಲೇ ಹೆಣ್ಣುಮಕ್ಕಳಿಗೂ 'ಸರಿ, ಹೋಗು' ಅಂತ ಮನೆಯಲ್ಲಿ ಹೇಳಿದ್ದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ ಚಾರ್ಜಿನ ಚಿಂತೆಯೂ ತಪ್ಪಿತು.

ಅಲ್ಲಿಗೆ ಬಾಗಿಲಿನ ಕಥೆ ಮುಗೀತು ಅಂತ ಇಟ್ಕೊಳ್ಳಿ. ಬೆಂಚಿನ ಕಥೆ?

ನಾನು ಬಿ.ಕಾಂ ಸೇರಿದ ಮೊದಲ ವಾರ. ಕಾಲೇಜಿನ ಹೆಸರು ಬೇಡ. 'ಕನ್ನಡ ಮೀಡಿಯಂನವರು ಕೈ ಎತ್ತಿ' ಅಂದರು ಲೆಕ್ಚರರ್. ಅರ್ಧ ಕ್ಲಾಸು ಕೈ ಎತ್ತಿತು. 'ಅರ್ಥ ಆಗದಿದ್ರೆ ಆಮೇಲೆ ಫ್ರೆಂಡ್ಸ್ ಹತ್ರ ಕೇಳ್ಕೊಳಿ' ಅಂದು ಪಾಠ ಶುರು ಮಾಡಿದರು. ಮುಂದಿನ ವಾರದ ಹೊತ್ತಿಗೆ ಕೈ ಎತ್ತಿದವರೆಲ್ಲ ಹಿಂದಿನ ಬೆಂಚಿಗೆ ಹೋಗಿದ್ದರು. ಯಾರೂ ಕಳಿಸಿದ್ದಲ್ಲ, ತಾವಾಗೇ ಹೋದರು. ಅವರಲ್ಲೊಬ್ಬ ಮಳವಳ್ಳಿ ಕಡೆಯವನು, ಅಪ್ಪನ ಆಲೆಮನೆ ಲೆಕ್ಕ ಪೂರ್ತಿ ಬರೀತಿದ್ದವನು. ಅವನಿಗೆ 'ಡಿಪ್ರಿಸಿಯೇಷನ್' ಅನ್ನೋ ಪದ ಬಾಯಿಗೆ ಬರ್ತಿರಲಿಲ್ಲ.

ಮುಂದಿನ ಸೆಮಿಸ್ಟರಿಗೆ ಇನ್ನೊಬ್ಬರು ಮೇಡಂ ಬಂದರು. ಅವರು ಕೇಳಿದ್ದಿಷ್ಟೇ: 'ಆಲೆಮನೆಗೆ ಗಾಣ ತಂದು ಐದು ವರ್ಷ ಆಯ್ತು. ಇವತ್ತು ಮಾರಿದ್ರೆ ಅಷ್ಟೇ ದುಡ್ಡು ಸಿಗುತ್ತೇನ್ರೋ?' ಇಡೀ ಹಿಂದಿನ ಬೆಂಚು 'ಇಲ್ಲ ಮೇಡಂ' ಅಂತು. 'ಅದೇ ಕಣ್ರೋ ಸವಕಳಿ. ಇಂಗ್ಲಿಷಲ್ಲಿ ಡಿಪ್ರಿಸಿಯೇಷನ್ ಅಂತಾರೆ.' ಅಷ್ಟೇ. ಸಿಲಬಸ್ ಬದಲಾಗಲಿಲ್ಲ, ಪರೀಕ್ಷೆ ಸಲೀಸಾಗಲಿಲ್ಲ. ಹಿಂದಿನ ಬೆಂಚಿನವರು ಪ್ರಶ್ನೆ ಕೇಳೋಕೆ ಶುರು ಮಾಡಿದರು.

ಆ ಮೇಡಂ ಮಾಡಿದ್ದಕ್ಕೂ ಇತಿಹಾಸ ಇದೆ. ಹೆಸರಿನಲ್ಲೇ ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನ ಹೊತ್ತ ಬಿ.ಎಂ. ಶ್ರೀಕಂಠಯ್ಯ ಇಂಗ್ಲಿಷ್ ಪ್ರೊಫೆಸರ್. ಕನ್ನಡ ತಲೆ ಎತ್ತಬೇಕು ಅಂತ 1911ರಲ್ಲೇ ಧಾರವಾಡದಲ್ಲಿ ಭಾಷಣ ಮಾಡಿದವರು. ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾಗಿದ್ದು 1927ರಲ್ಲಿ. ಅಲ್ಲಿ ಓದಿದ ಕುವೆಂಪು 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಕಾಲೇಜಿನಲ್ಲಿ ಎಲ್ಲ ವಿಷಯಗಳನ್ನೂ ಕನ್ನಡದಲ್ಲಿ ಕಲಿಸಬೇಕು, ಅದಕ್ಕೆ ಪುಸ್ತಕ ಬರೆಸಬೇಕು ಅಂತ ಹಠ ಹಿಡಿದರು. ಬರೀ ಭಾಷಾಭಿಮಾನ ಅಂದ್ಕೋಬೇಡಿ. ಹಳ್ಳಿ ಮಗು ಅರ್ಧ ಶಕ್ತಿಯನ್ನ ಇಂಗ್ಲಿಷ್ ಬಿಡಿಸೋಕೇ ಖರ್ಚು ಮಾಡಿದ್ರೆ, ವಿಷಯಕ್ಕೆ ಏನು ಉಳಿಯುತ್ತೆ ಅನ್ನೋ ಲೆಕ್ಕ ಅದರಲ್ಲಿತ್ತು. ಇಂಗ್ಲಿಷ್ ಮೀಡಿಯಂ ಕೋರ್ಸಿನವರಿಗೂ ಪರೀಕ್ಷೆಯನ್ನ ಸ್ಥಳೀಯ ಭಾಷೆಯಲ್ಲಿ ಬರೆಯೋಕೆ ಬಿಡಿ ಅಂತ ಯುಜಿಸಿ ವಿಶ್ವವಿದ್ಯಾನಿಲಯಗಳಿಗೆ ಹೇಳಿದ್ದು 2023ರಲ್ಲಿ!

1948ರ ಆ ಸರ್ಕಾರಿ ಕಾಲೇಜೇ ಬೆಳೆದು ಮಂಡ್ಯ ವಿಶ್ವವಿದ್ಯಾಲಯ ಆಯ್ತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ, ದುಡ್ಡಿನ ಕೊರತೆ ಅಂತ ಒಂಬತ್ತು ಹೊಸ ವಿವಿಗಳನ್ನ ಮುಚ್ಚೋ ಮಾತಾಡಿದಾಗ ಆ ಪಟ್ಟಿಯಲ್ಲಿ ಮಂಡ್ಯವೂ ಇತ್ತು. ಉಳಿಸಿ ಅಂತ ಕೇಳೋದು ಸರಿ. ಉಳಿಸಿಕೊಂಡ ಕ್ಲಾಸ್‌ರೂಮಿನಲ್ಲಿ ಪಾಠ ಯಾರಿಗೆ ತಲುಪ್ತಿದೆ ಅಂತಲೂ ಕೇಳಬೇಕು.

ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೇ ಭಾಗದ ರೈತರನ್ನ ಕೇಳಿ ನೋಡಿ. ಅಣೆಕಟ್ಟು ತುಂಬಿದ ಸುದ್ದಿ ಟಿವಿಯಲ್ಲಿ ಬರುತ್ತೆ, ನೀರು ಗದ್ದೆಗೆ ಬರಲ್ಲ. ನಾಲೆ ತೋಡಿದ್ದೀವಲ್ಲ ಅಂತ ಎಂಜಿನಿಯರ್ ಹೇಳಿದ್ರೆ ಅವರು ಒಪ್ತಾರಾ? ಅಡ್ಮಿಷನ್ ಕೊಟ್ಟಿದ್ದೀವಲ್ಲ ಅನ್ನೋ ಮಾತನ್ನ ನಾವು ಯಾಕೆ ಒಪ್ಕೋಬೇಕು?

ಇವತ್ತಿಗೆ ಇಷ್ಟು. ನಿಮ್ಮ ಕ್ಲಾಸಲ್ಲೂ ಗಾಣದ ಉದಾಹರಣೆ ಕೊಟ್ಟ ಮೇಷ್ಟ್ರೋ ಮೇಡಮ್ಮೋ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.