ಸಾಹೇಬರು ಹೋದ ಮೇಲೆ ಉಳಿಯೋದೇನು?

ರಾತ್ರಿ ಸುದ್ದಿ ಓದುವಾಗ ಪರದೆಯ ಕೆಳಗೆ ಒಂದು ಸಾಲು ಆಗಾಗ ಓಡುತ್ತೆ. 'ಐಎಎಸ್ ಅಧಿಕಾರಿಗಳ ವರ್ಗಾವಣೆ'. ಯಾರು ಎಲ್ಲಿಂದ ಎಲ್ಲಿಗೆ ಅಂತ ನಾನು ಒಂದೇ ಉಸಿರಿನಲ್ಲಿ ಓದಿ ಮುಂದಿನ ಸುದ್ದಿಗೆ ಹೋಗ್ತೀನಿ. ನೀವು ಊಟ ಮುಂದುವರಿಸ್ತೀರಿ. ಬೆಂಗಳೂರಿನಲ್ಲಿ ಕೂತವರಿಗೆ ಅದು ಬರೀ ಒಂದು ಸಾಲು. ಆದರೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೂತು ಯೋಚನೆ ಮಾಡಿ. ಜಿಲ್ಲಾ ಪಂಚಾಯಿತಿ ಸಿಇಒ ಬದಲಾದರು ಅಂದರೆ ಕುಡಿಯುವ ನೀರಿನ ಕಡತ, ಆರೋಗ್ಯ ಕೇಂದ್ರದ ಖಾಲಿ ಹುದ್ದೆ, ಅಂಗನವಾಡಿಯ ಸೋರುವ ಸೂರು, ಎಲ್ಲವನ್ನೂ ಹೊಸಬರಿಗೆ ಮೊದಲಿಂದ ವಿವರಿಸಬೇಕು. ಹಾಗಾದರೆ ಒಬ್ಬ ಅಧಿಕಾರಿ ಹೋದ ಮೇಲೆ ಉಳಿಯೋದು ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ಕೊಪ್ಪಳಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅಶೋಕನ ಶಾಸನಗಳು ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇವೆ. ಅಂದರೆ ಈ ನೆಲ 'ಸರ್ಕಾರ' ಅನ್ನೋದನ್ನು ನೋಡಿ ಎರಡು ಸಾವಿರ ವರ್ಷ ದಾಟಿದೆ. ಆದರೆ ಜನರ ಆರೋಗ್ಯ ವಿಚಾರಿಸುವ ಸರ್ಕಾರವನ್ನು ನೋಡಿದ್ದು ತೀರಾ ಇತ್ತೀಚೆಗೆ. ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಾಗೀರು. ಜಾಗೀರಿನಲ್ಲಿ ಅಧಿಕಾರಿ ಅಂದರೆ ಮುಖ್ಯವಾಗಿ ಕಂದಾಯ ವಸೂಲಿ ಮಾಡುವವನು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಜೊತೆಗೆ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಕಂದಾಯ ಕೇಳುತ್ತಿದ್ದ ಸಾಹೇಬರ ಜಾಗಕ್ಕೆ 'ನಿಮ್ಮೂರಿಗೆ ಏನು ಬೇಕು' ಅಂತ ಕೇಳುವ ಅಧಿಕಾರಿ ಬಂದ. ಕನಿಷ್ಠ ಕಾಗದದ ಮೇಲೆ ಬಂದ.

ಏನು ಬೇಕಿತ್ತು ಗೊತ್ತಾ? ನೀರು. ಮುನಿರಾಬಾದಿನ ಹತ್ತಿರ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಎದ್ದು ನಿಂತಿತು. ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಆದರೆ ಕುಷ್ಟಗಿ, ಯಲಬುರ್ಗಾ ಒಣಭೂಮಿಯಾಗಿಯೇ ಉಳಿದವು. ಒಂದು ಕಡೆ ಗದ್ದೆ ತುಂಬ ನೀರು, ಇನ್ನೊಂದು ಕಡೆ ಒಂದು ಕೊಡಕ್ಕಾಗಿ ಮೈಲಿಗಟ್ಟಲೆ ನಡಿಗೆ.

ಆ ಕಾಲದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳನ್ನು ಕಾಡಿದ ಒಂದು ಕಾಯಿಲೆ ಇತ್ತು. ನಾರುಹುಣ್ಣು. ಇಂದಿನ ಹುಡುಗರು ಹೆಸರೂ ಕೇಳಿರಲ್ಲ. ಮೆಟ್ಟಿಲು ಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಇರುತ್ತೆ, ಅದರೊಳಗೆ ಈ ಹುಳುವಿನ ಮರಿ. ನೀರು ಕುಡಿದರೆ ಮರಿ ದೇಹ ಸೇರುತ್ತೆ. ಸುಮಾರು ಒಂದು ವರ್ಷದ ನಂತರ ದಾರದಂಥ ಉದ್ದನೆಯ ಹುಳು ಕಾಲಿನ ಚರ್ಮ ಸೀಳಿ ಹೊರಗೆ ಬರುತ್ತೆ. ಉರಿ ತಾಳಲಾರದೆ ಮನುಷ್ಯ ಅದೇ ಬಾವಿಯಲ್ಲಿ ಕಾಲು ಇಳಿಬಿಡ್ತಾನೆ. ಹುಳು ಮತ್ತೆ ಮರಿಗಳನ್ನು ನೀರಿಗೆ ಬಿಡುತ್ತೆ. ಅಲ್ಲಿಗೆ ಚಕ್ರ ಪೂರ್ತಿ ಆಯ್ತು. ಈ ರೋಗಕ್ಕೆ ಲಸಿಕೆ ಇಲ್ಲ, ಗುಣ ಮಾಡುವ ಮಾತ್ರೆಯೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಇಲ್ಲವೇ ನೀರಿನ ಮೂಲವನ್ನೇ ಬದಲಿಸಬೇಕು. ಅಂದರೆ ಡಾಕ್ಟರ್ ಕೈಲಾಗದ ಕೆಲಸವನ್ನು ಗ್ರಾಮೀಣಾಭಿವೃದ್ಧಿ ಇಲಾಖೆ ಮಾಡಬೇಕಿತ್ತು. ಆರೋಗ್ಯ ಬೇರೆ, ಗ್ರಾಮೀಣಾಭಿವೃದ್ಧಿ ಬೇರೆ ಅಂತ ಎರಡು ಕಡತ ಮಾಡಿದ್ದು ಸರ್ಕಾರ. ಹಳ್ಳಿಯವನ ದೇಹಕ್ಕೆ ಎರಡೂ ಒಂದೇ.

ಇಲ್ಲಿಗೆ ಇಬ್ಬರು ಬರ್ತಾರೆ. ಒಬ್ಬರು ನಿಮಗೆಲ್ಲ ಗೊತ್ತು. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವರು. ಬರಗಾಲದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡರು. ಇನ್ನೊಬ್ಬರ ಹೆಸರು ಬಹಳ ಜನಕ್ಕೆ ನೆನಪಿಲ್ಲ. ಎಸ್.ಎಸ್. ಮೀನಾಕ್ಷಿಸುಂದರಂ. ಕರ್ನಾಟಕ ಕೇಡರಿನ ಐಎಎಸ್ ಅಧಿಕಾರಿ, ಅದೇ ಇಲಾಖೆಯ ಕಾರ್ಯದರ್ಶಿ. ಮಂತ್ರಿ ಕನಸು ಕಂಡರೆ ಅದನ್ನು ನಿಯಮ, ಆದೇಶ, ಹಣಕಾಸಿನ ಲೆಕ್ಕವಾಗಿ ಬದಲಿಸುವವರು ಒಬ್ಬರು ಬೇಕು. ಅದು ಅವರ ಕೆಲಸ.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಕೈಪಂಪಿನ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಮೊದಲು ಹಳ್ಳಿಗಳಿಗೆ ಹಾಕಿದ್ದು ಎರಕದ ಕಬ್ಬಿಣದ ಪಂಪು, ಒಂದು ಮನೆಗೆ ಸಾಕಾಗುವಂಥದ್ದು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಹೊಡೆದರೆ ಅದು ಉಳಿಯುತ್ತಾ? ಕೆಟ್ಟು ನಿಂತವು. ಪರಿಹಾರ ಹುಟ್ಟಿದ್ದು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ. ಅಲ್ಲಿನ ಉಕ್ಕಿನ ಪಂಪಿನ ಮಾದರಿಯನ್ನೇ ತಿದ್ದಿ 1970ರ ದಶಕದಲ್ಲಿ 'ಇಂಡಿಯಾ ಮಾರ್ಕ್ 2' ರೂಪಿಸಿದರು. ಲೆಕ್ಕಾಚಾರ 250 ಜನಕ್ಕೆ ಒಂದು ಪಂಪು. ಆದರೆ ಎಂಜಿನಿಯರುಗಳು ಇನ್ನೊಂದು ಪಾಠವನ್ನೂ ಕಲಿತರು. ಪಂಪು ಎಷ್ಟೇ ಗಟ್ಟಿ ಇರಲಿ, ಅದನ್ನು ನೋಡಿಕೊಳ್ಳುವವರು ಊರಿನಲ್ಲೇ ಇಲ್ಲದಿದ್ದರೆ ಅದು ಗುಜರಿ. ಅದಕ್ಕೇ ಹಳ್ಳಿಗೊಬ್ಬ ಉಸ್ತುವಾರಿ, ಮೇಲೆ ಮೆಕ್ಯಾನಿಕ್, ಅದಕ್ಕೂ ಮೇಲೆ ಜಿಲ್ಲೆಯ ರಿಪೇರಿ ತಂಡ ಅನ್ನುವ ವ್ಯವಸ್ಥೆ ಬಂತು.

ನಜೀರ್ ಸಾಬ್ ಮತ್ತು ಮೀನಾಕ್ಷಿಸುಂದರಂ ಇದೇ ಪಾಠವನ್ನು ಸರ್ಕಾರಕ್ಕೂ ಅನ್ವಯಿಸಿದರು ಅನ್ನೋದು ನನ್ನ ಅನಿಸಿಕೆ. 1983ರ ಪಂಚಾಯತ್ ಕಾಯ್ದೆಯಡಿ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸುಮಾರು ಹತ್ತು ಸಾವಿರ ಜನಕ್ಕೊಂದು ಮಂಡಲ ಪಂಚಾಯಿತಿ. ಮೇಲೆ ಜಿಲ್ಲಾ ಪರಿಷತ್ತು. ಮಹಿಳೆಯರಿಗೆ ಶೇ 25 ಮೀಸಲು, ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ! ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ, ಅದೂ ಜಿಲ್ಲಾಧಿಕಾರಿಗಿಂತ ಹಿರಿಯರು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರು ಎಲ್ಲ ಪರಿಷತ್ತಿಗೆ.

ನೋಡಿ, ಇದು ಸಣ್ಣ ವಿಷಯ ಅಲ್ಲ. ಐಎಎಸ್ ಅಧಿಕಾರಿಯೊಬ್ಬರು ಕೂತು, ತಮ್ಮದೇ ಬಳಗದ ಅಧಿಕಾರವನ್ನು ರೈತನ ಮಗನ ಕೈಗೆ ಕೊಡುವ ವ್ಯವಸ್ಥೆಗೆ ದುಡಿದರು. ಫಲ ಸಿಕ್ಕಿತಾ? ಕೆ.ಎಸ್. ಕೃಷ್ಣಸ್ವಾಮಿ ಅಧ್ಯಕ್ಷತೆಯ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರ ಹಾಜರಾತಿ, ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಯ ಹಾಜರಾತಿ ಸುಧಾರಿಸಿದೆ ಅಂತ ಅದು ಹೇಳಿತು. ಕಾರಣ ಸರಳ. ಡಾಕ್ಟರ್ ಬಂದಿಲ್ಲ ಅಂತ ಕೇಳುವವನು ಈಗ ಅದೇ ಊರಿನವನು.

ಆದರೆ 1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರ ಜನವರಿಯಲ್ಲಿ ಪರಿಷತ್ತುಗಳ ಅವಧಿ ಮುಗಿಯಿತು, ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. 1993ರಲ್ಲಿ ಹೊಸ ಕಾಯ್ದೆ, ಮುಖ್ಯ ಕಾರ್ಯದರ್ಶಿಯ ಜಾಗಕ್ಕೆ ಸಿಇಒ. ಮೀನಾಕ್ಷಿಸುಂದರಂ ಮುಂದೆ ವಿಕೇಂದ್ರೀಕರಣದ ಬಗ್ಗೆ ಪುಸ್ತಕವನ್ನೇ ಬರೆದರು. ಅವರು ಇಲಾಖೆ ಬಿಟ್ಟ ಮೇಲೂ ಒಂದು ಕೆಲಸ ಉಳಿಯಿತು. ದೇಶದ ಕೊನೆಯ ನಾರುಹುಣ್ಣು ಪ್ರಕರಣ ವರದಿಯಾಗಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಅಂತ ಘೋಷಣೆಯಾಯಿತು. ಕೈಪಂಪು ಹೊಡೆದ, ಬಟ್ಟೆಯಲ್ಲಿ ನೀರು ಸೋಸಿದ, ಬಾವಿಗೆ ಔಷಧ ಹಾಕಿದ ಸಾವಿರಾರು ಅನಾಮಧೇಯರ ಗೆಲುವು ಅದು.

1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿ ಹೊಸ ಜಿಲ್ಲೆ ಆಯಿತು. ಜಿಲ್ಲಾ ಕೇಂದ್ರ ಹತ್ತಿರ ಬಂತು. ಸಮಸ್ಯೆ? ಬೆಂಗಳೂರಿನ ಐಐಎಂನ ಗೀತಾ ಸೇನ್, ಅದಿತಿ ಅಯ್ಯರ್ ಮತ್ತವರ ತಂಡ 2000ದ ನಂತರ ಕೊಪ್ಪಳದ ಹಳ್ಳಿಗಳಲ್ಲಿ ಹೆರಿಗೆ ಸಾವುಗಳನ್ನು ಅಧ್ಯಯನ ಮಾಡಿತು. ರಕ್ತಹೀನತೆ ಇತ್ತು, ಬಡತನ ಇತ್ತು. ಜೊತೆಗೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಹಾಕುವುದು ಇತ್ತು. ತಾಯಿ ಸತ್ತರೆ ಹೊಣೆ ಯಾರದು ಅನ್ನೋದಕ್ಕೆ ಉತ್ತರ ಇರಲಿಲ್ಲ. ಮೇಲೆ ಯೋಜನೆಗಳು ಸಾಲುಸಾಲು, ಕೆಳಗೆ ಹೊಣೆ ಹೊರುವವರಿಲ್ಲ.

ಇನ್ನೊಂದು ವಿಚಿತ್ರ ನೋಡಿ. ನಾರುಹುಣ್ಣಿನಿಂದ ಕಾಪಾಡಿದ್ದು ಬೋರ್‌ವೆಲ್. ಅದೇ ಬೋರ್‌ವೆಲ್ ಆಳಕ್ಕೆ ಹೋದಂತೆ ಗಟ್ಟಿ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಹಳದಿ, ಮೂಳೆ ಬಿಗಿ. ಒಂದು ತಲೆಮಾರಿನ ಪರಿಹಾರ ಇನ್ನೊಂದು ತಲೆಮಾರಿನ ಸಮಸ್ಯೆ ಆಯ್ತು. ಈಗ ಊರೂರಲ್ಲಿ ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧೀಕರಣ ಘಟಕ ಇದೆ. ನಾರಾಯಣಪುರ ಜಲಾಶಯದ ನೀರನ್ನು ಕುಷ್ಟಗಿ, ಯಲಬುರ್ಗಾಕ್ಕೆ ತರುವ ಯೋಜನೆ ಇದೆ. ಆದರೆ ಘಟಕದ ಫಿಲ್ಟರ್ ಕೆಟ್ಟರೆ ಬದಲಿಸೋದು ಯಾರು? ಮತ್ತದೇ ಕೈಪಂಪಿನ ಪ್ರಶ್ನೆ.

2016ರ ಆಗಸ್ಟ್ 28ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಕೊಪ್ಪಳ ಜಿಲ್ಲೆಯ 16 ವರ್ಷದ ಹುಡುಗಿಯೊಬ್ಬಳ ಕಥೆ ಹೇಳಿದರು. ಮನೆಗೆ ಶೌಚಾಲಯ ಬೇಕು ಅಂತ ತನ್ನ ಮನೆಯವರ ವಿರುದ್ಧವೇ ಅವಳು ಸತ್ಯಾಗ್ರಹ ಕೂತಳು. ಊರಿನ ಮುಖ್ಯಸ್ಥರು 18,000 ರೂಪಾಯಿ ಹೊಂದಿಸಿಕೊಟ್ಟರು. ವಾರದೊಳಗೆ ಶೌಚಾಲಯ ಕಟ್ಟಿದ್ದಾಯಿತು. ಪ್ರಧಾನಿಯ ಮಾತಿನಲ್ಲಿ ಯಾವ ಇಲಾಖೆಯ ಕಡತವೂ ಬರಲಿಲ್ಲ. ಬಂದದ್ದು ಹಠ ಹಿಡಿದ ಹುಡುಗಿ, ಅವಳ ಹಠ ಕೇಳಿಸಿಕೊಂಡ ಊರಿನ ಮುಖ್ಯಸ್ಥ. ಮೀನಾಕ್ಷಿಸುಂದರಂ ಅಂಥವರು 1987ರಲ್ಲಿ ಕಟ್ಟಲು ಹೊರಟದ್ದು ಇಂಥದ್ದನ್ನೇ ಅಲ್ವಾ?

ಒಳ್ಳೆಯ ಅಧಿಕಾರಿ ವರ್ಗವಾದಾಗ ಜನ ಬೀದಿಗಿಳಿದು ಅಳೋದನ್ನು ನಾವು ಟಿವಿಯಲ್ಲಿ ತೋರಿಸ್ತೀವಿ. ಅದು ಅವರ ಮೇಲಿನ ಪ್ರೀತಿ, ಸರಿ. ಆದರೆ ಅವರು ಹೋದರೆ ಎಲ್ಲ ನಿಂತುಹೋಗುತ್ತೆ ಅನ್ನುವ ಭಯವೂ ಅದರಲ್ಲಿದೆ. ಜನ ಪ್ರೀತಿಯಿಂದ ಬೀಳ್ಕೊಟ್ಟು, ಮರುದಿನವೂ ನಲ್ಲಿಯಲ್ಲಿ ನೀರು ಬಂದರೆ ಆ ಅಧಿಕಾರಿ ಗೆದ್ದ ಅಂತ ನಾನು ಅಂದುಕೊಳ್ತೀನಿ. ಮುಂದಿನ ಸಲ ವರ್ಗಾವಣೆ ಪಟ್ಟಿ ಓದುವಾಗ ನಾನೂ ಒಂದು ಕ್ಷಣ ನಿಲ್ತೀನಿ. ಬರುವವರು ಯಾರು ಅಂತ ಮಾತ್ರ ಅಲ್ಲ, ಹೋಗುವವರು ಊರಿನವರ ಕೈಯಲ್ಲಿ ಏನು ಬಿಟ್ಟು ಹೋಗ್ತಿದ್ದಾರೆ ಅಂತಲೂ ಕೇಳಬೇಕು.